ಕಣ್ಣಿಗೆ ಬೀಳದ ಸಾಲುಗಳು

ಜನವರಿ 12, ಸೋಮವಾರ

ಕಣ್ಣಿನ ಡಾಕ್ಟರಿಗೆ ಮಾತು ಕಡಿಮೆ. ಇವತ್ತು ನನ್ನ ಬಲಗಣ್ಣಿನೊಳಗೆ ದೀಪ ಬಿಟ್ಟು ನೋಡಿ, ಕುರ್ಚಿ ಹಿಂದಕ್ಕೆ ಸರಿಸಿ, "ಎಡಗಣ್ಣಲ್ಲಿ ಆಗಿದ್ದೇ ಇಲ್ಲೂ ಶುರುವಾಗಿದೆ" ಎಂದರು. ಎಡಗಣ್ಣಿನ ನಡುಭಾಗ ಹೋಗಿ ಎರಡು ವರ್ಷವಾಯಿತು. ಅದೊಂದರಲ್ಲೇ ನೋಡಿದರೆ ಎದುರಿಗೆ ಕೂತವರ ಭುಜ, ಕಿವಿ, ಹಿಂದಿನ ಗೋಡೆ ಎಲ್ಲ ಕಾಣುತ್ತದೆ, ಮುಖವೊಂದು ಕಾಣುವುದಿಲ್ಲ. ಬಲಗಣ್ಣಿದೆಯಲ್ಲ ಎಂಬ ಧೈರ್ಯದಲ್ಲಿ ಇಷ್ಟು ದಿನ ತಳ್ಳಿದ್ದೆ.

"ಪೂರ್ತಿ ಕತ್ತಲಾಗಲ್ಲ, ಹೆದರಬೇಡಿ. ಓಡಾಡೋಕೆ ತೊಂದರೆ ಇಲ್ಲ. ಓದೋದು ಮಾತ್ರ ನೆಚ್ಕೋಬೇಡಿ. ಇಂಜೆಕ್ಷನ್ ಕೊಡ್ತಾ ಹೋಗೋಣ, ಎಷ್ಟು ಉಳಿಯುತ್ತೋ ಅಷ್ಟು."

ಓದುವುದು ಮಾತ್ರವಂತೆ. ಎಷ್ಟು ಸಲೀಸಾಗಿ ಹೇಳಿಬಿಟ್ಟರು. ಓದಿ ಬರೆದೇ ಹೊಟ್ಟೆ ಹೊರೆದವಳು ನಾನು, ಬೇರೆ ಯಾವ ಕಸುಬೂ ಬರುವುದಿಲ್ಲ. ಅಡುಗೆ ಕೂಡ ತಂಗಿಯದೇ.

ಮನೆಗೆ ಬಂದು ತಂಗಿಗೆ, "ಹನಿ ಹಾಕ್ಕೊಂಡ್ರೆ ಸರಿಹೋಗುತ್ತಂತೆ" ಎಂದೆ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ಕಿಟಕಿಯ ಬೆಳಕು ಗೋಡೆಯ ಮೇಲಿನ ದಾರದ ರೀಲುಗಳ ಮೇಲೆ ಬಿದ್ದಿತ್ತು. ಕಡುನೀಲಿ, ಇಟ್ಟಿಗೆಗೆಂಪು, ಎಳೆಹಸಿರು, ಮಾಸಿದ ಬಿಳಿ. ಒಂದೊಂದನ್ನೂ ನಿಂತು ನೋಡಿದೆ. ತಂಗಿ ತಲೆ ಎತ್ತದೆ, "ಸರಿ ಬಿಡು" ಎಂದಳು.

ಈ ದಿನಚರಿ ಹಿಡಿದು ಕುಳಿತದ್ದು ಅದಕ್ಕೇ. ಕಾಣುವಾಗಲೇ ಕಂಡದ್ದನ್ನು ಬರೆದಿಟ್ಟುಬಿಡಬೇಕು.

ಇನ್ನೊಂದು ಮಾತು. ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಯಂತ್ರಗಳ ಜೊತೆ ಬರುವ ಸೂಚನಾ ಪುಸ್ತಿಕೆಗಳನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ತರುವುದು. "ನಮ್ಮಕ್ಕ ಫ್ರಿಜ್ಜಿಗೆ ಫ್ರೆಂಚ್ ಕಲಿಸ್ತಾಳೆ" ಎಂದು ತಂಗಿ ಗಿರಾಕಿಗಳ ಮುಂದೆ ಹೇಳುತ್ತಿದ್ದಳು. ಕಂಪನಿಯವರು ಆ ಕೆಲಸವನ್ನು ಕಂಪ್ಯೂಟರಿಗೇ ಒಪ್ಪಿಸಿ ನನಗೆ ಕೈಮುಗಿದ ಮೇಲೆ, ಒಂದು ಮುಕ್ತ ತಂತ್ರಾಂಶದ ಫ್ರೆಂಚ್ ಅನುವಾದಕ್ಕೆ ಕೈಹಾಕಿದ್ದೇನೆ. ಗ್ರಂಥಾಲಯಗಳು ತಮ್ಮ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿಟ್ಟು, ಎಲ್ಲೋ ಇರುವ ಓದುಗರು ಮನೆಯಲ್ಲೇ ತೆರೆದು ಓದುವಂತೆ ಮಾಡುವ ತಂತ್ರಾಂಶ ಅದು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಅನುವಾದಿಸುವವರೂ ನನ್ನಂಥ ಬಿಟ್ಟಿ ಕೆಲಸದವರೇ. ಫ್ರೆಂಚನ್ನು ಯಾರೋ ಅರ್ಧಕ್ಕೇ ಕೈಬಿಟ್ಟು ಹೋಗಿದ್ದರು. ಮಾರ್ಚ್ ಕೊನೆಯೊಳಗೆ ಮುಗಿದರೆ ಹೊಸ ಆವೃತ್ತಿಯಲ್ಲಿ ಫ್ರೆಂಚ್ ಇರುತ್ತದೆ. ತಪ್ಪಿದರೆ ಮುಂದಿನ ವರ್ಷ.

ಮುಂದಿನ ವರ್ಷ ನನ್ನ ಕೈಲಾಗುವ ಮಾತಲ್ಲ. ಕಣ್ಣು ಮುಚ್ಚುವುದರೊಳಗೆ ಇದೊಂದು ಮುಗಿಸಬೇಕು ಎಂದು ಹಿರಿಯರು ಹೇಳುತ್ತಿದ್ದುದು ನನ್ನ ಪಾಲಿಗೆ ಅಕ್ಷರಶಃ ನಿಜವಾಗಿ ಕೂತಿದೆ.

ಜನವರಿ 15, ಗುರುವಾರ

ಈ ಕೆಲಸದ ಮಜವೇ ಬೇರೆ. ತಂತ್ರಾಂಶವನ್ನು ಇಡಿಯಾಗಿ ತೋರಿಸುವುದಿಲ್ಲ. ಅದರಲ್ಲಿರುವ ಮಾತುಗಳನ್ನೆಲ್ಲ ಬಿಡಿಸಿ, ಸಾವಿರಾರು ತುಂಡು ಸಾಲುಗಳಾಗಿ ಮುಂದಿಡುತ್ತಾರೆ. ಎಡಕ್ಕೆ ಇಂಗ್ಲಿಷ್ ಸಾಲು, ಬಲಕ್ಕೆ ನನ್ನ ಫ್ರೆಂಚ್. ಯಾವ ಸಾಲು ಯಾವ ಪುಟದ್ದು, ಯಾರು ಯಾರಿಗೆ ಹೇಳಿದ್ದು, ದೇವರಿಗೇ ಗೊತ್ತು. ಇವತ್ತು ಬೆಳಗ್ಗೆ ಬಂದ ಸಾಲು: "ಖಚಿತವೇ?" ಅಷ್ಟೇ. ಏನು ಖಚಿತವೇ? ಅರವತ್ತರ ಹತ್ತಿರ ಬಂದವಳನ್ನು ಬೆಳಗ್ಗೆ ಬೆಳಗ್ಗೆ ಹೀಗೆ ಕೇಳಬಾರದು. ಇದ್ದದ್ದನ್ನು ಇದ್ದ ಹಾಗೆ ಫ್ರೆಂಚಿಗೆ ಹಾಕಿ ಮುಂದೆ ಹೋದೆ.

ಫ್ರೆಂಚ್ ಅಗಲ ಮೈಯ ಭಾಷೆ. ಇಂಗ್ಲಿಷಿನ ಅಳತೆಗೆ ಮಾಡಿದ ಪರದೆಯ ಬಟನ್ನಿನಲ್ಲಿ ಅದು ಹಿಡಿಸುವುದಿಲ್ಲ. ನನಗೆ ಇದು ಹೊಸದೇನಲ್ಲ, ಬಟ್ಟೆ ಒಗೆಯುವ ಯಂತ್ರದ ತಿರುಗಿಸುವ ಗುಬುಟಿನ ಸುತ್ತ ಮೂರಕ್ಷರದಲ್ಲಿ ಮಾತು ಮುಗಿಸಿದವಳು. ಉದ್ದದ ಪದಗಳನ್ನೆಲ್ಲ ಕತ್ತರಿಸಿ, ಚುಕ್ಕೆ ಇಟ್ಟು, ಅಚ್ಚುಕಟ್ಟಾಗಿ ಕೂರಿಸಿದೆ. ನೋಡಲು ಚೆನ್ನಾಗಿದೆ.

ಜನವರಿ 22, ಗುರುವಾರ

ಒಬ್ಬರು ಬರೆದದ್ದನ್ನು ಇನ್ನೊಬ್ಬರು ಒಪ್ಪಿದರೆ ಮಾತ್ರ ಸಾಲು ಸೇರುತ್ತದೆ. ನನ್ನ ಸಾಲುಗಳನ್ನು ಒಪ್ಪಬೇಕಾದ ಪರಿಶೀಲಕರ ಹೆಸರಿಲ್ಲ, ಒಂದು ಗೂಬೆಯ ಚಿತ್ರವಿದೆ. ದುಂಡು ಕಣ್ಣು, ಕಂದು ರೆಕ್ಕೆ. ನಾನು ಕತ್ತರಿಸಿದ ಪದಗಳನ್ನೆಲ್ಲ ಆ ಗೂಬೆ ವಾಪಸ್ಸು ಕಳಿಸಿದೆ. ಪ್ರತಿಯೊಂದರ ಪಕ್ಕದಲ್ಲೂ ಒಂದೇ ಟಿಪ್ಪಣಿ: "ದಯವಿಟ್ಟು ಪೂರ್ತಿ ಬರೆಯಿರಿ."

"ಬಟನ್ನಿನಲ್ಲಿ ಹಿಡಿಸುವುದಿಲ್ಲ" ಎಂದು ಬರೆದೆ.

"ಹಿಡಿಸದಿದ್ದರೆ ಬಟನ್ನೇ ಅಗಲವಾಗುತ್ತದೆ" ಎಂದು ಉತ್ತರ.

ಯಾರೋ ನಿವೃತ್ತ ಮುದುಕ ಇರಬೇಕು. ಮೂಗಿನ ತುದಿಗೆ ಕನ್ನಡಕ, ಜೇಬಿನಲ್ಲಿ ಕೆಂಪು ಪೆನ್ನು. ಹೇಗಿರುತ್ತಾನೆಂದು ಕಣ್ಣಿಗೆ ಕಟ್ಟಿದ ಹಾಗಿದೆ.

ಫೆಬ್ರವರಿ 3, ಮಂಗಳವಾರ

ಇಂಜೆಕ್ಷನ್ ಆಯಿತು. ನೋವಿಲ್ಲ, ಹೆದರಿಕೆಯೇ ಹೆಚ್ಚು. ಇವತ್ತು ಕಂಪ್ಯೂಟರಿನ ಪರದೆ ನೋಡಬಾರದಂತೆ.

ತಂಗಿ ಮೆಟ್ಟಿಲುಗಳ ಅಂಚಿಗೆಲ್ಲ ಹಳದಿ ಪಟ್ಟಿ ಹೊಡೆದಿದ್ದಾಳೆ. ಗಿರಾಕಿಗಳು ಎಡವುತ್ತಾರಂತೆ. ಗಿರಾಕಿಗಳು ಮಹಡಿಗೆ ಯಾಕೆ ಬರುತ್ತಾರೆ ಎಂದರೆ ಇನ್ನೊಂದು ಪಟ್ಟಿ ಹೊಡೆಯುತ್ತಾಳೆ. ಅಡುಗೆಮನೆಯ ನಡುವೆ ಇರುತ್ತಿದ್ದ ಸ್ಟೂಲು ಕೂಡ ಗೋಡೆ ಸೇರಿದೆ. ವಯಸ್ಸಾಗುತ್ತ ಅವಳಿಗೆ ಮನೆ ಅಂದಗೊಳಿಸುವ ಹುಚ್ಚು ಹತ್ತಿದೆ.

ಫೆಬ್ರವರಿ 9, ಸೋಮವಾರ

ಇವತ್ತು ಒಂದು ಜಾಣತನ ಮಾಡಿದೆ.

ಕೆಲವು ಸಾಲುಗಳು ಪರದೆಯ ಮೇಲೆ ಅಕ್ಷರವಾಗಿ ಬರುವುದೇ ಇಲ್ಲ. ಭೂತಗನ್ನಡಿ, ಕಸದ ಬುಟ್ಟಿ, ಪೆನ್ಸಿಲು, ಬಾಣ ಎಂದು ಬಟನ್ನುಗಳ ಮೇಲೆ ಚಿಕ್ಕ ಚಿಕ್ಕ ಚಿತ್ರಗಳಿರುತ್ತವಲ್ಲ, ಅವುಗಳ ಹಿಂದೆ ಅಡಗಿ ಕೂತ ಸಾಲುಗಳು. ಇಂಗ್ಲಿಷಿನಲ್ಲಿ ಒಂದೊಂದಕ್ಕೂ ಉದ್ದುದ್ದ ವಿವರಣೆ. ಕಣ್ಣಿಗೇ ಬೀಳದ ಸಾಲಿಗೆ ಅಷ್ಟು ಮುತುವರ್ಜಿ ಯಾಕೆ? ನನಗಿರುವ ಕಣ್ಣನ್ನು ಕಾಣುವ ಸಾಲುಗಳಿಗೆ ಖರ್ಚು ಮಾಡುವುದು ಬೇಡವೇ? ಎಲ್ಲಕ್ಕೂ "ಚಿತ್ರ" ಎಂದು ಒಂದೇ ಪದ ತುಂಬಿ ಕೈತೊಳೆದುಕೊಂಡೆ. ಎಷ್ಟು ಕೆಲಸ ಮುಗಿದಿದೆ ಎಂದು ತೋರಿಸುವ ಹಸಿರು ಪಟ್ಟಿ ಒಂದೇ ಮಧ್ಯಾಹ್ನದಲ್ಲಿ ಇಷ್ಟುದ್ದ ಬೆಳೆಯಿತು. ಹೀಗೇ ಹೋದರೆ ಮಾರ್ಚಿಗೂ ಮುಂಚೆಯೇ ಮುಗಿಸಬಹುದು.

ತಂಗಿಗೆ ತೋರಿಸಿದೆ. "ಒಳ್ಳೇ ಹಸಿರು" ಎಂದಳು.

ಫೆಬ್ರವರಿ 10, ಮಂಗಳವಾರ

ಅಷ್ಟನ್ನೂ ವಾಪಸ್ಸು ಕಳಿಸಿದೆ ಗೂಬೆ. ಒಂದನ್ನೂ ಬಿಟ್ಟಿಲ್ಲ. ಹಸಿರು ಪಟ್ಟಿ ಹಿಂದಕ್ಕೆ ಸರಿದು ಮೊನ್ನೆಗಿಂತ ಮೋಟಾಗಿ ಕೂತಿದೆ.

ಟಿಪ್ಪಣಿ: "ಯಾವ ಚಿತ್ರ?"

ಮೈಯೆಲ್ಲ ಉರಿದುಹೋಯಿತು. ಟಪಟಪ ಬರೆದುಬಿಟ್ಟೆ. "ಇವು ಯಾರ ಕಣ್ಣಿಗೂ ಬೀಳದ ಸಾಲುಗಳು. ನಿಮಗೆ ಪುರುಸೊತ್ತಿರಬಹುದು, ನನಗಿಲ್ಲ. ತಪ್ಪು ಹುಡುಕಲೇಬೇಕೆಂದು ಕೂತರೆ ಎಲ್ಲಿ ಬೇಕಾದರೂ ಸಿಗುತ್ತದೆ."

ಊಟಕ್ಕೆ ಕೂತಾಗಲೂ ಮುಖ ಊದಿಸಿಕೊಂಡೇ ಇದ್ದೆ.

"ಯಾರ ಮೇಲೆ ಕೋಪ?" ಎಂದಳು ತಂಗಿ.

"ಗೂಬೆ ಮೇಲೆ."

"ಯಾವ ಗೂಬೆ?"

ಹೇಳಿದೆ. ಪೂರ್ತಿ ಕೇಳಿ, ತಟ್ಟೆ ಎತ್ತುತ್ತ ಅವಳೆಂದದ್ದು: "ಕೋಟಿನ ಒಳಮೈ ಯಾರಿಗೂ ಕಾಣಲ್ಲ ಅಕ್ಕಾ. ಅದರ ಹೊಲಿಗೆ ಬಿಟ್ಟಿದೆ ಅಂತಾನೇ ಅರ್ಧ ಗಿರಾಕಿಗಳು ನನ್ನ ಹತ್ರ ಬರೋದು."

ಅವಳಿಗೇನು ಗೊತ್ತು, ನನ್ನ ಹತ್ತಿರ ಸಮಯವೆಷ್ಟಿದೆ ಎಂದು.

ಫೆಬ್ರವರಿ 11, ಬುಧವಾರ

ನಾಚಿಕೆಯಾಗಿದೆ. ಆದರೂ ಬರೆದುಕೊಳ್ಳುತ್ತೇನೆ.

ಬೆಳಗ್ಗೆ ಗೂಬೆಯ ಸಂದೇಶ ಬಂದಿತ್ತು. ಕೋಪವಿಲ್ಲ, ಒಂದು ನಂಬರ್ ಇತ್ತು, ಬಿಡುವಾದಾಗ ಮಾತಾಡೋಣ ಎಂದಿತ್ತು. ಇವತ್ತು ಎರಡರಲ್ಲೊಂದು ಆಗಿಹೋಗಲಿ ಎಂದು ಕರೆ ಮಾಡಿದೆ. ಆ ಕಡೆಯಿಂದ ಒಬ್ಬ ಹೆಂಗಸು, ಮೂವತ್ತೈದು ದಾಟಿರಲಾರದ ದನಿ, ಮಾತಿಗೆ ಮುಂಚೆ ನಗು. ಹಿಂದೆ ಯಾರೋ ತಳ್ಳುಗಾಡಿಯಲ್ಲಿ ಪುಸ್ತಕ ತಳ್ಳಿಕೊಂಡು ಹೋಗುತ್ತಿದ್ದರು. ಎರಡು ಗಡಿ ಆಚೆಯ ಊರೊಂದರ ಗ್ರಂಥಾಲಯದಲ್ಲಿ ಪುಸ್ತಕಗಳ ವಿವರ ದಾಖಲಿಸುವ ಕೆಲಸವಂತೆ. ಮಾತೆಲ್ಲ ಫ್ರೆಂಚಿನಲ್ಲೇ ಆಯಿತು, ಇಲ್ಲಿ ಮನೆಮಾತಿನಲ್ಲಿ ಬರೆದುಕೊಳ್ಳುತ್ತೇನೆ.

"ನಿಮ್ಮ ಕೆಲಸಾನ ನಿಮಗೇ ಕೇಳಿಸ್ತೀನಿ. ಬೇಜಾರು ಮಾಡ್ಕೋಬೇಡಿ" ಎಂದರು. ಫೋನನ್ನು ಕಂಪ್ಯೂಟರಿನ ಹತ್ತಿರ ಹಿಡಿದರು. ಯಂತ್ರದ ದನಿಯೊಂದು ಫ್ರೆಂಚಿನಲ್ಲಿ ಓದತೊಡಗಿತು. ಚಿತ್ರ. ಚಿತ್ರ. ಚಿತ್ರ. ಚಿತ್ರ. ಚಿತ್ರ.

"ಇದರಲ್ಲಿ ಒಂದು ಬಟನ್ ಪುಸ್ತಕ ತೆರೆಯುತ್ತೆ, ಇನ್ನೊಂದು ಪುಸ್ತಕಾನೇ ಅಳಿಸಿಹಾಕುತ್ತೆ. ಯಾವುದು ಯಾವುದು ಅಂತ ಹೇಳಿ ನೋಡೋಣ?"



ಅವರು ಹುಟ್ಟಿದಾಗಿನಿಂದ ಕಣ್ಣು ಕಾಣದವರು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶವಿದೆ, ಅದನ್ನು ಕೇಳಿಸಿಕೊಂಡು ಕೆಲಸ ಮಾಡುತ್ತಾರೆ. ಬಟನ್ನಿನ ಮೇಲೆ ಚಿತ್ರವಿದ್ದರೆ ಆ ದನಿ ಓದುವುದು ಹಿಂದೆ ಅಡಗಿರುವ ಸಾಲನ್ನೇ. ನಾನು ಕತ್ತರಿಸಿ ಚುಕ್ಕೆ ಇಟ್ಟ ಪದಗಳನ್ನು ಅದು ಓದಿದಾಗ ಗಂಟಲಿಗೆ ಏನೋ ಸಿಕ್ಕಿಕೊಂಡವರ ಹಾಗೆ ಕೇಳುತ್ತದೆ, ಅದನ್ನೂ ಕೇಳಿಸಿದರು.

"ಈಗಿನ ತಂತ್ರಾಂಶದಲ್ಲಿ ನನಗೆ ಏನೂ ಗೊತ್ತಾಗಲ್ಲ. ಪಕ್ಕದ ಮೇಜಿನವರನ್ನ ಕೇಳ್ತೀನಿ, ಇದು ಯಾವ ಬಟನ್ನು, ಅದು ಯಾವ ಬಟನ್ನು ಅಂತ. ಒಳ್ಳೇವರು ಪಾಪ, ಒಂದಿನ ಬೇಸರ ಮಾಡ್ಕೊಂಡಿಲ್ಲ. ಆದ್ರೂ ನನ್ನ ಕೆಲಸಕ್ಕೆ ದಿನಾ ಇನ್ನೊಬ್ಬರ ಕಣ್ಣು ಬೇಡೋದು ಎಷ್ಟು ಅಂತ? ನಿಮ್ಮ ಫ್ರೆಂಚ್ ಮುಗಿದ್ರೆ ನಮ್ಮ ಗ್ರಂಥಾಲಯ ಈ ಹೊಸದಕ್ಕೆ ಬರುತ್ತೆ. ಅದಕ್ಕೇ ಕಾಯ್ತಿದ್ದೀನಿ."

ಕ್ಷಮೆ ಕೇಳಿದೆ. "ಅಯ್ಯೋ, ಬಿಡಿ, ಎಲ್ಲರೂ ಹೀಗೇ ಮಾಡೋದು" ಎಂದರು. ಏನಾದರೂ ಮಾತಾಡಬೇಕಲ್ಲ ಎಂದು, ಗೂಬೆಯ ಚಿತ್ರವನ್ನು ಯಾಕೆ ಆರಿಸಿಕೊಂಡಿರಿ ಎಂದು ಕೇಳಿದೆ.

"ಗೂಬೆನಾ? ನನ್ನ ಖಾತೆಲಿ ಗೂಬೆ ಇದ್ಯಾ?"

"ಇದೆ. ದುಂಡು ಕಣ್ಣಿನದು."

"ನನಗೆ ಗೊತ್ತೇ ಇಲ್ಲ ನೋಡಿ. ಖಾತೆ ತೆರೆದಾಗ ಅದೇ ಕೊಟ್ಟಿರಬೇಕು. ಅಲ್ಲೂ ಬರೀ 'ಚಿತ್ರ' ಅಂತಾನೇ ಬರೆದಿದ್ದಾರೆ."

ಇಬ್ಬರೂ ನಕ್ಕೆವು. ಎಷ್ಟೋ ದಿನಗಳ ಮೇಲೆ ಹಾಗೆ ನಕ್ಕೆ. ತಂಗಿ ಯಂತ್ರ ನಿಲ್ಲಿಸಿ ಇಣುಕಿ ನೋಡಿದಳು.

ಫೆಬ್ರವರಿ 17, ಮಂಗಳವಾರ

ಅಡಗಿದ ಸಾಲುಗಳನ್ನೆಲ್ಲ ಮೊದಲಿನಿಂದ ಮಾಡುತ್ತಿದ್ದೇನೆ. ಪುಸ್ತಕವನ್ನು ತೆರೆಯಿರಿ. ಪುಸ್ತಕವನ್ನು ಅಳಿಸಿ. ವಿವರವನ್ನು ತಿದ್ದಿ. ಹಿಂದಿನ ಪುಟಕ್ಕೆ ಹೋಗಿ. ಒಂದೊಂದನ್ನೂ ಬರೆದ ಮೇಲೆ, ಇದನ್ನೊಂದೇ ಕೇಳಿದವರಿಗೆ ತಿಳಿಯುತ್ತದೆಯೇ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ.

ಗೂಬೆಮ್ಮ (ಈಗ ಹಾಗೇ ಕರೆಯುತ್ತೇನೆ, ಅವರಿಗೂ ಹೇಳಿದ್ದೇನೆ, ಖುಷಿಪಟ್ಟರು) ಓದಿ ಹೇಳುವ ಆ ತಂತ್ರಾಂಶವನ್ನು ನನ್ನ ಕಂಪ್ಯೂಟರಿಗೂ ಹಾಕಿಸಿದರು. ಮಾಡಿದ್ದನ್ನು ಪರೀಕ್ಷಿಸಲಿಕ್ಕೆ. "ಪರದೆ ಆರಿಸಿಬಿಟ್ಟು ಕೇಳಿ, ಇಲ್ಲಾಂದ್ರೆ ಕಣ್ಣು ಮೋಸ ಮಾಡುತ್ತೆ" ಎಂದರು. ಆರಿಸಿದೆ. ಒಂದು ನಿಮಿಷವೂ ಆಗಿರಲಿಲ್ಲ, ಹೆದರಿ ಗುಂಡಿ ತಡಕಿದೆ. ಮತ್ತೆ ಹಾಕಿಬಿಟ್ಟೆ. ಅವರಿಗೆ ಹೇಳಲಿಲ್ಲ.

ಫೆಬ್ರವರಿ 24, ಮಂಗಳವಾರ

ಡಾಕ್ಟರು ಕೊಟ್ಟ ಚೌಕಳಿ ಹಾಳೆಯನ್ನು ದಿನಾ ನೋಡಬೇಕು. ಗೆರೆಗಳು ನೆಟ್ಟಗಿದ್ದರೆ ಸರಿ. ಇವತ್ತು ನಡುವಿನ ಗೆರೆಗಳು ಒಳಕ್ಕೆ ಬಾಗಿವೆ.

ಗ್ರಂಥಾಲಯದಿಂದ ತಂದ ಎರಡು ಪುಸ್ತಕ ತಂಗಿಯ ಕೈಯಲ್ಲಿ ವಾಪಸ್ಸು ಕಳಿಸಿದೆ. ಓದಿಲ್ಲ. ಈ ತಿಂಗಳು ಕಾರ್ಡು ಹೊಸದು ಮಾಡಿಸಬೇಕಿತ್ತು, ಬೇಡ ಎಂದೆ. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಆ ಕಾರ್ಡು ನನ್ನ ಹತ್ತಿರ ಇತ್ತು. ಓದಲಾಗದವಳಿಗೆ ಓದುಗರ ಕಾರ್ಡು ಯಾಕೆ?

ತಂಗಿ ಚೀಲಕ್ಕೆ ಪುಸ್ತಕ ಹಾಕಿಕೊಂಡು ಹೋದಳು.

ಫೆಬ್ರವರಿ 26, ಗುರುವಾರ

ಗೂಬೆಮ್ಮನಿಗೆ ಹೇಳಿಬಿಟ್ಟೆ. ತಂಗಿಗೇ ಹೇಳದ್ದನ್ನು, ಮುಖ ನೋಡದವರಿಗೆ. ಸಾಲುಗಳ ಬಗ್ಗೆ ಮಾತಾಡುತ್ತಿದ್ದಾಗ, ಈ ಪದ ನಿಮಗೆ ಕಾಣುತ್ತಿದೆಯಲ್ಲ ಎಂದು ಅವರು ಕೇಳಿದರು. ಕಾಣುತ್ತಿಲ್ಲ ಎಂದೆ. ಆಮೇಲೆ ಎಲ್ಲವೂ ಒಂದರ ಹಿಂದೆ ಒಂದು ಬಂತು.

ಅಯ್ಯೋ ಪಾಪ ಎನ್ನುತ್ತಾರೆಂದು ಕಾದೆ. ಅವರು, "ಹಾಗಾದ್ರೆ ಓದೋ ದನಿ ವೇಗ ಸ್ವಲ್ಪ ಜಾಸ್ತಿ ಇಟ್ಕೊಳ್ಳಿ. ನಿಧಾನಕ್ಕಿದ್ರೆ ನಿದ್ದೆ ಬರುತ್ತೆ" ಎಂದರು.

"ನಾನು ಅಳ್ತಾ ಇದ್ದೀನಿ, ನೀವು ವೇಗದ ಮಾತಾಡ್ತೀರಿ" ಎಂದೆ.

"ಅಳಿ, ನಾನು ಇಲ್ಲೇ ಇರ್ತೀನಿ. ಆದ್ರೆ ಹೆದರಿಕೆ ಆಗೋದು ಕಾಣದೇ ಇರೋದಕ್ಕಲ್ಲ, ಮುಂದಿನ ಕೆಲಸ ಹೇಗೆ ಅಂತ ಗೊತ್ತಿಲ್ಲದೆ ಇರೋದಕ್ಕೆ. ಅದು ನನಗೆ ಗೊತ್ತು, ಹೇಳಿಕೊಡ್ತೀನಿ. ದಿನಾ ಬೆಳಗ್ಗೆ ಕೆಲಸ ಶುರುವಾಗೋ ಮುಂಚೆ ಅರ್ಧ ಗಂಟೆ ನನಗೆ ಬಿಡುವು."

ನಾನು ಅಳುವಷ್ಟು ಹೊತ್ತೂ ಅವರು ಇದ್ದರು. ಫೋನಿಟ್ಟ ಮೇಲೆ ಹಗುರವಾಯಿತು. ಯಾರೋ ಏನೋ, ಕಂಡಿಲ್ಲ, ಕೇಳಿಲ್ಲ, ನನಗೆ ಬೆಳಗಿನ ಅರ್ಧ ಗಂಟೆ ಕೊಟ್ಟರು.

ಮಾರ್ಚ್ 4, ಬುಧವಾರ

ಇವತ್ತು ತಂಗಿ ಒಂದು ರಟ್ಟು ತಂದು ಮೇಜಿನ ಮೇಲಿಟ್ಟಳು. ದಿನಚರಿಯ ಪುಟದಷ್ಟೇ ಅಗಲ. ಅದರ ಮೇಲೆ ದಪ್ಪ ದಾರದಲ್ಲಿ ಸಾಲು ಸಾಲಾಗಿ ನೇರ ಹೊಲಿಗೆ ಹಾಕಿದ್ದಾಳೆ. "ಹಾಳೆ ಕೆಳಗಿಟ್ಕೋ. ಬೆರಳಿಗೆ ಗೆರೆ ಸಿಗುತ್ತೆ. ಹೋದ ವಾರದಿಂದ ನಿನ್ನ ಸಾಲುಗಳು ಗುಡ್ಡ ಹತ್ತಿ ಇಳೀತಿವೆ."

"ನನ್ನ ದಿನಚರಿ ಓದ್ತೀಯಾ?"

"ಓದಲ್ಲ. ಗೆರೆ ಮಾತ್ರ ನೋಡ್ದೆ. ಹೊಲಿಯೋರಿಗೆ ಗೆರೆ ಸೊಟ್ಟಗಿದ್ರೆ ತಡೆಯಲ್ಲ."

ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಎಂದು ಡಾಕ್ಟರು ಹೇಳಿದ್ದನ್ನು ಹೇಳಲು ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು.

"ಗೊತ್ತು ಕಣೇ. ಜನವರಿಲೇ ಡಾಕ್ಟರಿಗೆ ಫೋನ್ ಮಾಡಿದ್ದೆ."

"ಮತ್ತೆ ಕೇಳ್ಲಿಲ್ಲ ಯಾಕೆ?"

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ನೀನು ದೊಡ್ಡೋಳು. ನಿನ್ನ ಸುಳ್ಳಿಗೂ ಒಂದು ಮರ್ಯಾದೆ ಬೇಡ್ವಾ?"

ಆಗ ಹೊಳೆಯಿತು. ಮೆಟ್ಟಿಲ ಹಳದಿ ಪಟ್ಟಿ, ಗೋಡೆ ಸೇರಿದ ಸ್ಟೂಲು, ಬಚ್ಚಲಿನ ದೊಡ್ಡ ಬಲ್ಬು, ನನ್ನ ಲೋಟಕ್ಕೆ ಮಾತ್ರ ಕಟ್ಟಿದ ಕೆಂಪು ನೂಲು. ಎರಡು ತಿಂಗಳಿಂದ ನನ್ನ ಸುತ್ತ ಇವಳು ಸದ್ದಿಲ್ಲದೆ ಹೊಲಿಗೆ ಹಾಕುತ್ತ ಬಂದಿದ್ದಾಳೆ, ನಾನು ಗೊಣಗುತ್ತ ಬಂದಿದ್ದೇನೆ. ಏನಾದರೂ ಹೇಳಬೇಕೆನಿಸಿತು. ಅವಳ ಕೈ ಹಿಡಿದುಕೊಂಡೆ. ತೋರುಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದೆ. ಇಷ್ಟು ವರ್ಷ ನೋಡಿದ್ದೆ, ಮುಟ್ಟಿರಲಿಲ್ಲ.

"ಸಾಕು ಬಿಡು, ಗಿರಾಕಿ ಕಾಯ್ತಿದ್ದಾರೆ" ಎಂದು ಬಿಡಿಸಿಕೊಂಡು ಹೋದಳು.

ಇದನ್ನು ಅವಳ ದಾರದ ಮೇಲೆಯೇ ಬರೆಯುತ್ತಿದ್ದೇನೆ. ಬೆರಳು ಗೆರೆ ಹಿಡಿದುಕೊಂಡು ಹೋಗುತ್ತದೆ.

ಮಾರ್ಚ್ 16, ಸೋಮವಾರ

ಬೆಳಗ್ಗೆ ಹಾಲಿನವನ ಸೈಕಲ್ಲು ಬಂದದ್ದು ಕೇಳಿಸಿತು, ಅದರ ಚೈನು ಸಡಿಲವಾಗಿದೆ, ಎಣ್ಣೆ ಬೇಕು. ಎದುರು ಮನೆಯ ಬಾಗಿಲು ಎರಡು ಸಲ ಹಾಕಿದರೆ ಮಾತ್ರ ಹತ್ತುತ್ತದೆ. ತಂಗಿ ದಪ್ಪ ಬಟ್ಟೆ ಹೊಲಿಯುತ್ತಿದ್ದಾಳೆ, ಯಂತ್ರ ಏದುಸಿರು ಬಿಡುತ್ತಿದೆ. ತೆಳು ಬಟ್ಟೆಯಾದರೆ ಗುನುಗುತ್ತದೆ.

ಬೆಳಗಿನ ಅರ್ಧ ಗಂಟೆ ಗೂಬೆಮ್ಮನ ಪಾಠ. ಬಾಣದ ಕೀಲಿಯಲ್ಲಿ ಸಾಲಿನಿಂದ ಸಾಲಿಗೆ ಹೋಗುವುದು, ಬೇಡದ್ದನ್ನು ಹಾರಿ ಹೋಗುವುದು. ತಪ್ಪಿದರೆ ನಗುತ್ತಾರೆ, ನಾನೂ ನಗುತ್ತೇನೆ. ಇವತ್ತು ನಾನು ಹಿಂದೆ ಮಾಡಿಟ್ಟ ಒಂದು ಪುಟವನ್ನು ಕೇಳುತ್ತಿದ್ದೆ. ಒಂದು ವಾಕ್ಯ ಎಷ್ಟು ಉಸಿರುಗಟ್ಟಿಸುವ ಹಾಗಿತ್ತೆಂದರೆ, ಯಂತ್ರಕ್ಕೇ ಅಯ್ಯೋ ಎನಿಸಬೇಕು. ಅದನ್ನು ಎರಡಾಗಿ ಮಾಡಿದೆ. ಮೂವತ್ತು ವರ್ಷ ಬರೆದ ಪುಸ್ತಿಕೆಗಳನ್ನು ಒಮ್ಮೆಯಾದರೂ ಹೀಗೆ ಕೇಳಿಸಿಕೊಂಡಿದ್ದರೆ ಎಷ್ಟು ಫ್ರಿಜ್ಜುಗಳು ಸುಖವಾಗಿರುತ್ತಿದ್ದವೋ.

"ಖಚಿತವೇ?" ಎಂಬ ಆ ಸಾಲು ಮತ್ತೆ ಎದುರಾಯಿತು. ಗೂಬೆಮ್ಮನನ್ನು ಕೇಳಿದೆ. "ನನಗೆ ಅತಿ ಹೆದರಿಕೆ ಹುಟ್ಟಿಸೋ ಸಾಲು ಅದೇ" ಎಂದರು. "ಏನು ಮಾಡೋಕೆ ಹೊರಟಿದ್ದೀನಿ ಅಂತ ಹೇಳದೇನೇ ಖಚಿತವೇ ಅಂತ ಕೇಳಿದ್ರೆ?" ಈ ತಂತ್ರಾಂಶದ ಕೆಲಸ ನಡೆಸುವ ಸಂಚಾಲಕರಿಗೆ ಬರೆದೆ. ತಂತ್ರಾಂಶವನ್ನೇ ತಿದ್ದಿ, ಪ್ರತಿ ಸಲವೂ ಯಾವ ಕೆಲಸವೆಂದು ಮೊದಲು ಹೇಳಿ ಆಮೇಲೆ ಕೇಳುವಂತೆ ಮಾಡಿದ್ದಾರೆ. ಎಲ್ಲ ಭಾಷೆಗಳಿಗೂ. ಇದು ನನ್ನಿಂದಾಯಿತು ಎಂದರೆ ನನಗೇ ನಂಬಿಕೆ ಬರುತ್ತಿಲ್ಲ.

ಮಾರ್ಚ್ 25, ಬುಧವಾರ

ಎದ್ದಾಗ ಬಲಗಣ್ಣಿನ ನಡುವೆಯೂ ಮಬ್ಬು. ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.

ಮಾರ್ಚ್ 26, ಗುರುವಾರ

ಒಳಗೆ ರಕ್ತ ಒಸರಿದೆಯಂತೆ. ಇಂಜೆಕ್ಷನ್ ಕೊಟ್ಟರು. ಸ್ವಲ್ಪ ತಿಳಿಯಾಗಬಹುದು, ಮೊದಲಿನಂತೆ ಆಗಲಾರದು.

ತಂಗಿ ದಾರಿಯುದ್ದಕ್ಕೂ ತೋಳು ಹಿಡಿದಿದ್ದಳು. ಮನೆಗೆ ಬಂದು ಚಪ್ಪಲಿ ಬಿಚ್ಚಿದಳು. ಆಮೇಲೆ, "ಎಷ್ಟು ಸಾಲು ಉಳಿದಿದೆ?" ಎಂದಳು.

ಮಾರ್ಚ್ 30, ಸೋಮವಾರ

ಮುಗಿಯಿತು.

ಉಳಿದದ್ದು ಕೊನೆಯ ಎರಡು ಪುಟ, ಓದುಗರನ್ನು ನೋಂದಾಯಿಸುವ ಭಾಗ. ಶನಿವಾರ, ಭಾನುವಾರ ಕೂತೆ. ಇಂಗ್ಲಿಷ್ ಸಾಲು ಕೇಳುವುದು, ಫ್ರೆಂಚ್ ಟೈಪಿಸುವುದು, ಮತ್ತೆ ಕೇಳುವುದು. ಬೆರಳುಗಳಿಗೆ ಕೀಲಿಗಳು ಮೂವತ್ತು ವರ್ಷದ ಪರಿಚಯ, ಅವುಗಳನ್ನು ಯಾರೂ ತೋರಿಸಬೇಕಿಲ್ಲ. ಗೂಬೆಮ್ಮ ಆ ಕಡೆಯಿಂದ ಒಂದೊಂದನ್ನೇ ಒಪ್ಪುತ್ತ ಬಂದರು. ಇವತ್ತು ಬೆಳಗ್ಗೆ ಕೊನೆಯ ಸಾಲಿಗೆ ಅವರ ಒಪ್ಪಿಗೆ ಬಿತ್ತು. ಅವರ ಗ್ರಂಥಾಲಯದಲ್ಲಿ ಮೌನವಾಗಿರಬೇಕು, ಆದರೂ ಅವರು ಮೇಜು ಬಡಿದದ್ದು ಫೋನಿನಲ್ಲಿ ನನಗೆ ಕೇಳಿಸಿತು.

ಮಧ್ಯಾಹ್ನ ತಂಗಿ ಚಹಾ ತಂದು, ಲೋಟವನ್ನು ನನ್ನ ಕೈಗೇ ಕೊಟ್ಟು, "ಅಕ್ಕಾ, ಕಂಪ್ಯೂಟರ್ ಕೆಟ್ಟೋಯ್ತಾ?" ಎಂದಳು.

"ಇಲ್ವಲ್ಲ. ಯಾಕೆ?"

"ಪರದೆ ಕಪ್ಪಗಿದೆ. ಶನಿವಾರದಿಂದಲೂ ಹೀಗೇ ಇದೆ. ನೀನು ಮಾತ್ರ ಟಕಟಕ ಬಡೀತಾ ಇದ್ದೀಯ."

ಹಾಕುವುದನ್ನೇ ಮರೆತಿದ್ದೆ. ಹಾಗೇ ಇರಲಿ, ಕರೆಂಟು ಉಳಿಯಿತು ಎಂದೆ. ಚಹಾಕ್ಕೆ ಏಲಕ್ಕಿ ಹಾಕಿದ್ದಳು. ಮುಗಿದ ಸಂತೋಷಕ್ಕಂತೆ.

ಏಪ್ರಿಲ್ 16, ಗುರುವಾರ

ಹೊಸ ಆವೃತ್ತಿ ಹೊರಬಂದು ಒಂದು ವಾರವಾಯಿತು. ಸಂಚಾಲಕರು ಎಲ್ಲರಿಗೂ ಕೃತಜ್ಞತೆ ಬರೆದಿದ್ದಾರೆ, ಫ್ರೆಂಚಿನವರನ್ನು ವಿಶೇಷವಾಗಿ ನೆನೆದಿದ್ದಾರೆ. ಮುಂದಿನ ಆವೃತ್ತಿಗೆ ನಾನು ಪರಿಶೀಲಕಿಯಾಗಬಹುದೇ ಎಂದು ಕೇಳಿದ್ದಾರೆ. ಆಗಲಿ ಎಂದು ಬರೆದೆ. ಬರೆದು ಕಳಿಸಿದ ಮೇಲೆ, ಅದು ಇನ್ನೊಂದು ವರ್ಷದ ಕೆಲಸ ಎಂಬುದು ನೆನಪಾಯ್ತು.

ಇವತ್ತು ಗೂಬೆಮ್ಮನ ಗ್ರಂಥಾಲಯ ಹೊಸ ತಂತ್ರಾಂಶಕ್ಕೆ ಬಂದ ದಿನ. ಅವರೇ ಕರೆ ಮಾಡಿದರು. ಉಸಿರು ಸ್ವಲ್ಪ ಜೋರಾಗಿತ್ತು.

"ಬೆಳಗ್ಗೆಯಿಂದ ಪಕ್ಕದ ಮೇಜಿನವರನ್ನ ಒಂದು ಮಾತೂ ಕೇಳಿಲ್ಲ. ಅವರೇ ಬಂದು, ನನ್ನ ಮೇಲೆ ಬೇಜಾರಾ ಅಂತ ಕೇಳಿದ್ರು."

ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಈ ಕಣ್ಣಿಗೆ ಆ ಕೆಲಸವೇನೂ ಮರೆತಿಲ್ಲ.

"ಈಗ ಕೇಳಿಸ್ಕೊಳ್ಳಿ. ಮೊದಲನೇ ಓದುಗರನ್ನ ಸೇರಿಸ್ತಾ ಇದ್ದೀನಿ" ಎಂದು ಫೋನನ್ನು ಕಂಪ್ಯೂಟರಿನ ಹತ್ತಿರ ಇಟ್ಟರು. ತಂಗಿಯನ್ನು ಕರೆದೆ. ಅವಳಿಗೆ ಫ್ರೆಂಚ್ ಒಂದಕ್ಷರ ಬಾರದು, ಆದರೂ ಯಂತ್ರ ನಿಲ್ಲಿಸಿ, ಅಳತೆಪಟ್ಟಿ ಕೊರಳಲ್ಲೇ ಇಟ್ಟುಕೊಂಡು ಬಂದು ಪಕ್ಕದಲ್ಲಿ ಕೂತಳು.

ಆ ದನಿ ಓದಿತು. ಹೊಸ ಓದುಗರನ್ನು ಸೇರಿಸಿ. ಅದು ನನ್ನ ಸಾಲು. ಹೆಸರು. ಊರು. ಗೂಬೆಮ್ಮ ಟೈಪಿಸುವ ಸದ್ದು. ಆಮೇಲೆ ಆ ದನಿ ಟೈಪಿಸಿದ್ದನ್ನು ಓದಿ ಹೇಳಿತು.

ನನ್ನ ಹೆಸರು.

"ಇಲ್ಲಿರೋ ಪುಸ್ತಕಗಳೆಲ್ಲ ನಿಮ್ಮ ಮನೆಗೇ ಬರುತ್ತವೆ. ಆ ದನಿಯೇ ಓದಿ ಹೇಳುತ್ತೆ, ವೇಗ ಮಾತ್ರ ನೋಡ್ಕೊಳ್ಳಿ" ಎಂದರು. ಕಾರ್ಡು ಬಿಟ್ಟೆನೆಂದು ಅವರಿಗೆ ನಾನು ಯಾವಾಗ ಹೇಳಿದ್ದೆನೋ ನೆನಪಿಲ್ಲ. ಅವರು ಮರೆತಿರಲಿಲ್ಲ.

ತಂಗಿಗೆ ಅಷ್ಟನ್ನೂ ಹೇಳಿದೆ. ಅವಳು ನನ್ನ ಮಂಡಿಯ ಮೇಲೆ ಕೈ ಇಟ್ಟಳು.

ಆ ಕಡೆ ಒಂದು ಕೀಲಿ ಒತ್ತಿದ ಸದ್ದಾಯಿತು. ದನಿ ಕೇಳಿತು: "ಇವರನ್ನು ಈ ಗ್ರಂಥಾಲಯದ ಓದುಗರಾಗಿ ಸೇರಿಸುತ್ತಿದ್ದೀರಿ. ಖಚಿತವೇ?"

ಗೂಬೆಮ್ಮ ಒತ್ತಲಿಲ್ಲ. ಕಾದರು.

"ನೀವೇ ಹೇಳಿ" ಎಂದರು.

ಖಚಿತ ಎಂದೆ.